ಟ್ರೈಲರ್ ಅಡುಗೆಮನೆ ಮತ್ತೆ ಮೊದ್ಲಿಂದ ಜೋಡಿಸಿದ್ವಿ, ಈ ಸಲ ಅತ್ತೆ ಹೇಳ್ದಂಗೆ

ನಮಸ್ಕಾರ ಎಲ್ರಿಗೂ. ಈಗ ಸ್ಕ್ರೀನ್ ಮೇಲೆ ಕಾಣ್ತಿದ್ಯಲ್ಲ, ನೆಲದಲ್ಲಿ ಒಂದು ಗುಳಿ, ಹೆಬ್ಬೆರಳು ಇಟ್ರೆ ಸರಿಯಾಗಿ ಕೂರೋಷ್ಟು, ಅದು ನಮ್ಮ ದೋಸೆ ಕಾವಲಿ ಬಿದ್ದು ಆಗಿರೋದು. ಹೋದ ವರ್ಷ ಡಾಲಸ್‌ನಿಂದ ಕೊಲರಾಡೋಗೆ ಹೊರಟಿದ್ವಿ, ಅಮರಿಲ್ಲೋ ದಾಟಿ ಡಾಲ್‌ಹಾರ್ಟ್ ಕಡೆ ಹೋಗೋ ರಸ್ತೆ, ಟೆಕ್ಸಸ್‌ನ ಆ ಭಾಗ ನೋಡಿದವ್ರಿಗೆ ಗೊತ್ತು, ಕಣ್ಣು ಹಾಯಿಸಿದಷ್ಟೂ ಬರೀ ಬಯಲು, ಒಂದು ಮರ ಅಡ್ಡ ಇಲ್ಲ, ಗಾಳಿ ಪಕ್ಕದಿಂದ ಬೀಸಿ, ಟ್ರಕ್ಕಿನ ಹಿಂದೆ ಎಳ್ಕೊಂಡು ಹೋಗೋ ನಮ್ಮ ಪುಟ್ಟ ಮನೆಯಂಥ ಟ್ರೈಲರ್‌ನ ತಳ್ತಾ ಇರತ್ತೆ. ಪೆಟ್ರೋಲ್ ಹಾಕ್ಸೋಕೆ ನಿಲ್ಸಿ ಹಿಂದೆ ಹೋಗಿ ಬಾಗಿಲು ತೆಗೆದೆ. ಮೇಲಿನ ಕಪಾಟಿನ ಬಾಗಿಲು ತೆರ್ಕೊಂಡಿದೆ, ಕಬ್ಬಿಣದ ಕಾವಲಿ ನೆಲದ ಮೇಲಿದೆ, ಅದ್ರ ಜೊತೆ ಸಾರಿನಪುಡಿ ಡಬ್ಬಿನೂ ಬಿದ್ದು ಮುಚ್ಚಳ ಎಲ್ಲೋ ಹಾರಿ, ಸಿಂಕಿನಿಂದ ಮಂಚದವರೆಗೆ ಪುಡಿನೇ ಪುಡಿ. ಅಮ್ಮ ಹಾಸನದಲ್ಲಿ ಮೆಣಸಿನಕಾಯಿ ಒಣಗ್ಸಿ, ಹುರ್ದು, ಮಿಲ್ಲಿಗೆ ಕೊಟ್ಟು ಮಾಡ್ಸಿ, ಗೊತ್ತಿರೋರ ಕೈಲಿ ಕಳ್ಸಿದ್ದ ಪುಡಿ ಅದು. ಅಲ್ಲೇ ಮೆಟ್ಟಿಲ ಮೇಲೆ ಕೂತ್ಕೊಂಡೆ, ಅಳು ತಡೆಯೋಕೆ ಆಗ್ಲಿಲ್ಲ.

ಪುಡಿ ಹೋಯ್ತು ಅನ್ನೋದೊಂದೇ ಅಲ್ಲ. ನಿಂತ ಮೇಲೆ ಮಗ ಓಡಿ ಹೋಗಿ ಆ ಕಪಾಟಿನ ಬಾಗಿಲು ತೆಗ್ದಿದ್ರೆ, ಕಾವಲಿ ಆಗ ಬಿದ್ದಿದ್ರೆ? ಆ ಯೋಚ್ನೆ ಇವತ್ತಿಗೂ ಬರತ್ತೆ. ಹಾಗಾಗಿ ಮನೆಗೆ ಬಂದ್ಮೇಲೆ ಟ್ರೈಲರ್ ಅಡುಗೆಮನೆಲಿದ್ದ ಒಂದೊಂದು ಚಮಚನೂ ಹೊರಗೆ ತೆಗ್ದು ಮೊದ್ಲಿಂದ ಶುರು ಮಾಡಿದ್ವಿ, ಈ ವಿಡಿಯೋ ಅದೇ.

ನಮ್ದು 23 ಅಡಿ ಟ್ರೈಲರ್, ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಅಮೆರಿಕದ ಹೆಚ್ಚಿನ ಟ್ರೈಲರ್‌ಗಳ ಥರ ಇದೂ ಇಂಡಿಯಾನಾದ ಎಲ್ಕ್‌ಹಾರ್ಟ್ ಕಡೆಯಿಂದ ಬಂದಿದ್ದು, ಆ ಊರಿಗೆ ಆರ್‌ವಿಗಳ, ಅಂದ್ರೆ ಇಂಥ ಓಡಾಡೋ ಮನೆಗಳ ರಾಜಧಾನಿ ಅಂತಾನೇ ಹೆಸರು. ಅಡುಗೆಮನೆ ಅಂದ್ರೆ ಮೂರು ಬರ್ನರ್ ಒಲೆ, ಒಂದು ಸಿಂಕು, ಪಕ್ಕದಲ್ಲಿ ಎರಡು ಮೊಳದಷ್ಟು ಕಟ್ಟೆ, ಮೂರು ಡ್ರಾಯರ್, ಮೇಲೆ ಎರಡು ಕಪಾಟು, ಒಂದು ಉದ್ದುದ್ದ ಸಣ್ಣ ಪ್ಯಾಂಟ್ರಿ, ಅಷ್ಟೇ. ಇದನ್ನ ಮಾಡಿದವ್ರು ನಾಲ್ಕು ತಟ್ಟೆ, ಎರಡು ಸೀರಿಯಲ್ ಡಬ್ಬ, ಕಾಫಿ ಮಗ್ಗು ಇಡ್ತಾರೆ ಅನ್ಕೊಂಡು ಮಾಡಿರ್ತಾರೆ. ಇಡ್ಲಿ ಸ್ಟ್ಯಾಂಡು, ಕುಕ್ಕರ್ರು, ಮಿಕ್ಸಿ, ಒಗ್ಗರಣೆ ಡಬ್ಬಿ, ಐದಾರು ಥರದ ಬೇಳೆ ಇದೆಲ್ಲಾ ಇಲ್ಲಿ ಕೂರ್ಬೇಕು ಅಂದ್ರೆ ನಾವೇ ಯೋಚ್ನೆ ಮಾಡ್ಬೇಕು.

ಮೊದ್ಲು ಬಾಗಿಲ ಪಕ್ಕದಲ್ಲಿರೋ ಈ ಹಳದಿ ಸ್ಟಿಕ್ಕರ್ ತೋರಿಸ್ತೀನಿ, ಟ್ರೈಲರ್ ಇರೋರೆಲ್ಲ ದಯವಿಟ್ಟು ಇದನ್ನ ಓದಿ. ಒಳಗೆ ಎಷ್ಟು ತೂಕ ತುಂಬಬಹುದು ಅಂತ ಇಲ್ಲಿ ಬರ್ದಿರತ್ತೆ, ನಮ್ದು 1,300 ಪೌಂಡ್, ಅಂದ್ರೆ 590 ಕೆಜಿ ಹತ್ರ. ಕೇಳೋಕೆ ಜಾಸ್ತಿ ಅನ್ಸತ್ತೆ, ಆದ್ರೆ ನೀರೇ ಒಂದು ಗ್ಯಾಲನ್‌ಗೆ 8.3 ಪೌಂಡ್ ತೂಗತ್ತೆ, ನಮ್ಮ 40 ಗ್ಯಾಲನ್ ಟ್ಯಾಂಕ್ ತುಂಬಿಸ್ಕೊಂಡು ಹೊರಟ್ರೆ ಅಲ್ಲಿಗೇ 330 ಪೌಂಡ್ ಮುಗೀತು, ಇನ್ನು ಬಟ್ಟೆ, ಹಾಸಿಗೆ, ಕುರ್ಚಿ, ಮಕ್ಕಳ ಸೈಕಲ್ಲು. ಬಚ್ಚಲಮನೆ ತೂಕದ ಮಿಷನ್ ತಂದು ಅಡುಗೆ ಸಾಮಾನೆಲ್ಲಾ ಒಂದೊಂದು ಬುಟ್ಟಿ ತೂಗಿದ್ವಿ. ಬರೀ ಅಡುಗೆಮನೆದೇ 140 ಪೌಂಡ್ ಬಂತು! ಅದ್ರಲ್ಲಿ ಅಕ್ಕಿ ಮೂಟೆ 20 ಪೌಂಡು, ನಾಲ್ಕು ದಿನದ ಟ್ರಿಪ್ಪಿಗೆ.

ಎಷ್ಟು ತೂಕ ಅನ್ನೋದು ಒಂದು, ಎಲ್ಲಿ ತೂಕ ಅನ್ನೋದು ಇನ್ನೊಂದು, ನನಗೆ ಎರಡ್ನೇದು ಗೊತ್ತೇ ಇರ್ಲಿಲ್ಲ. ಟ್ರೈಲರ್ ತೂಕದಲ್ಲಿ ನೂರಕ್ಕೆ 10ರಿಂದ 15ರಷ್ಟು ಮುಂದೆ ಟ್ರಕ್ಕಿಗೆ ಸಿಗಿಸೋ ಜಾಗದ ಮೇಲೆ ಬೀಳ್ಬೇಕು ಅಂತ ಲೆಕ್ಕ. ಚಕ್ರದ ಹಿಂದ್ಗಡೆ ಭಾರ ಜಾಸ್ತಿ ಆಯ್ತೋ, ಮುಂದಿನ ಭಾರ ಕಮ್ಮಿಯಾಗಿ ಹೈವೇಲಿ ಟ್ರೈಲರ್ ಬಾಲ ಅಲ್ಲಾಡ್ಸೋಕೆ ಶುರು ಮಾಡತ್ತೆ, ಪಕ್ಕದಲ್ಲಿ ದೊಡ್ಡ ಲಾರಿ ಹೋದಾಗ ಅಂತೂ ಜೀವ ಬಾಯಿಗೆ ಬರತ್ತೆ. ಅಡುಗೆಮನೆ ತೀರಾ ಹಿಂದಿರೋ ಟ್ರೈಲರ್ ಇದ್ರೆ ಭಾರದ ಪಾತ್ರೆನೆಲ್ಲಾ ಅಲ್ಲಿ ತುಂಬ್ಲೇಬೇಡಿ. ನಮ್ದು ಪುಣ್ಯಕ್ಕೆ ನಡುವೆ, ಚಕ್ರದ ಮೇಲೇ ಇದೆ, ಹಾಗಾಗಿ ಭಾರ ಕೆಳಗಿದ್ರೆ ಸಾಕು.

ಈ ಕೆಲ್ಸ ಶುರು ಮಾಡೋ ಹೊತ್ತಿಗೆ ನಮ್ಮತ್ತೆ ಊರಿಂದ ಬಂದಿದ್ರು. ನಾನು ಪ್ಲಾಸ್ಟಿಕ್ ಬಿನ್‌ಗಳು, ಲೇಬಲ್ ಅಂಟ್ಸೋ ಮಿಷನ್ನು ಎಲ್ಲಾ ಆರ್ಡರ್ ಮಾಡಿ ಗ್ಯಾರೇಜಲ್ಲಿ ಹರಡ್ಕೊಂಡು ಕೂತಿದ್ದೆ. ಅತ್ತೆ ಬಂದು ಒಂದು ಡಬ್ಬಿ ತಗೊಂಡು ಕಿವಿ ಹತ್ರ ಇಟ್ಕೊಂಡು ಅಲ್ಲಾಡ್ಸಿದ್ರು, ತೊಗರಿಬೇಳೆ ಅರ್ಧ ಇತ್ತು, ಗಲಗಲ ಅಂತು. "ಇದೇ ಕಣೇ ನಿನ್ ಕಷ್ಟ, ಅರ್ಧ ಡಬ್ಬಿ ಯಾಕೆ ತಗೊಂಡೋಗ್ತೀಯಾ, ತುಂಬಿದ ಕೊಡ ತುಳುಕಲ್ಲ ಅಂತಾರಲ್ಲ" ಅಂದ್ರು. ನಾನು ಆ ಗಾದೆ ಮನುಷ್ಯರ ಬಗ್ಗೆ ಅನ್ಕೊಂಡೇ ಬೆಳ್ದವ್ಳು, ಅವ್ರು ನಿಜವಾಗ್ಲೂ ಕೊಡದ ಬಗ್ಗೆನೇ ಹೇಳ್ತಿದ್ರು. ಚಿಕ್ಕವ್ರಿದ್ದಾಗ ಜಾತ್ರೆಗೆ ಗಾಡಿ ಕಟ್ಕೊಂಡು ಹೋಗ್ತಿದ್ರಂತೆ, ಪಾತ್ರೆಗಳ ಮಧ್ಯ ಹುಲ್ಲು ತುರುಕ್ತಿದ್ರಂತೆ, ಸದ್ದು ಬಂದ್ರೆ ಅವ್ರಜ್ಜಿ ಗಾಡಿ ನಿಲ್ಸಿ ಮತ್ತೆ ಕಟ್ಟಿಸ್ತಿದ್ರಂತೆ. ಸದ್ದು ಮಾಡೋದು ಸವೆಯತ್ತೆ, ಅಷ್ಟೇ, ಅಂದ್ರು.

ಆವತ್ತೇ ಪ್ಲ್ಯಾನ್ ಪೂರ್ತಿ ಬದ್ಲಾಯ್ತು. ಮನೆ ಅಡುಗೆಮನೆಲಿ ಕೈಗೆ ಯಾವ್ದು ಬೇಗ ಸಿಗ್ಬೇಕು ಅಂತ ನೋಡಿ ಜೋಡಿಸ್ತೀವಿ, ಇಲ್ಲಿ ರಸ್ತೆಲಿ ಯಾವ್ದು ಏನ್ ಮಾಡತ್ತೆ ಅಂತ ನೋಡಿ ಜೋಡಿಸಿದ್ವಿ. ದೊಡ್ಡ ಡಬ್ಬಿ ಎಲ್ಲಾ ವಾಪಸ್ ಮನೆಗೆ. ಸಣ್ಣ ಸ್ಟೀಲ್ ಡಬ್ಬಿಗಳು, ಹೋಗೋ ದಿನಕ್ಕೆ ಎಷ್ಟು ಬೇಕೋ ಅಷ್ಟೇ, ಕಂಠದವರೆಗೆ ತುಂಬಿ. ನಾಲ್ಕು ಜನಕ್ಕೆ ಐದು ದಿನಕ್ಕೆ ನಮ್ಮನೆ ಲೆಕ್ಕದಲ್ಲಿ ಅಕ್ಕಿ ಎರಡೂವರೆ ಕೆಜಿ, ಬೇಳೆ ಮುಕ್ಕಾಲು ಕೆಜಿ, ಇಷ್ಟಕ್ಕೂ ಒಂದಿನ ಮಿಕ್ಕತ್ತೆ. ಡಬ್ಬಿ ತುಂಬ್ಲಿಲ್ಲ ಅಂದ್ರೆ ಮೇಲೊಂದು ಮಡಚಿದ ಕೈವಸ್ತ್ರ ಇಟ್ಟು ಮುಚ್ಚಳ ಹಾಕ್ತೀನಿ, ಒಂಚೂರೂ ಅಲ್ಲಾಡಲ್ಲ.

ಸ್ಟೀಲ್ ಡಬ್ಬಿಗೆ ಇನ್ನೊಂದು ಕಾರಣ ಇದೆ, ಇಲಿ. ಚಳಿಗಾಲದಲ್ಲಿ ಟ್ರೈಲರ್ ನಿಲ್ಸಿಟ್ಟಾಗ ಹೊಲದ ಇಲಿಗಳು ವೈರು, ಪೈಪು ಬರೋ ಸಂದಿಯಿಂದ ಒಳಗೆ ನುಗ್ಗತ್ವೆ, ಪ್ಲಾಸ್ಟಿಕ್ ಡಬ್ಬಿ ಅವಕ್ಕೆ ಲೆಕ್ಕಕ್ಕೇ ಇಲ್ಲ, ಕಡಿದು ಹಾಕತ್ವೆ. ಸೀಸನ್ ಮುಗಿದ್ಮೇಲೆ ಒಂದು ಕಾಳೂ ಒಳಗೆ ಬಿಡಲ್ಲ ನಾವು.

ಈಗ ಡ್ರಾಯರ್ ನೋಡಿ. ಎಲ್ಲಕ್ಕಿಂತ ಕೆಳಗಿನದ್ರಲ್ಲಿ ಭಾರದ್ದು: ಕುಕ್ಕರ್, ಅದ್ರೊಳಗೆ ಅನ್ನದ ಪಾತ್ರೆ, ಅದ್ರೊಳಗೆ ಸಾರಿನ ಪಾತ್ರೆ, ಅದ್ರೊಳಗೆ ಸ್ಟೀಲ್ ಲೋಟಗಳು, ಪ್ರತಿಯೊಂದ್ರ ಮಧ್ಯ ಒರೆಸೋ ಬಟ್ಟೆ. ಕುಕ್ಕರ್ ವೆಯ್ಟ್ ಮತ್ತೆ ಗ್ಯಾಸ್ಕೆಟ್ ಮಾತ್ರ ಒಂದು ಸಣ್ಣ ಚೀಲದಲ್ಲಿ ಕಟ್ಟಿ ಕುಕ್ಕರ್ ಒಳಗೇ, ಯಾಕಂದ್ರೆ ಅದೊಂದು ಕಳ್ದೋದ್ರೆ ಟ್ರಿಪ್ಪೇ ಮುಗೀತು. ಕಾವಲಿ, ಅದೇ ಕಾವಲಿ, ಈಗ ಡ್ರಾಯರ್ ತಳದಲ್ಲಿ ರಬ್ಬರ್ ಜಾಲರಿ ಮ್ಯಾಟ್ ಮೇಲೆ ಮಲಗಿರತ್ತೆ. ಈ ಮ್ಯಾಟ್ ರೋಲ್‌ನಲ್ಲಿ ಸಿಗತ್ತೆ, ಕತ್ತರಿಲಿ ಕತ್ತರಿಸಿ ಹಾಕಿದ್ರಾಯ್ತು, ಎಲ್ಲಾ ಡ್ರಾಯರ್‌ಗೂ ಹಾಕಿದೀನಿ. ಡ್ರಾಯರ್‌ಗೆ ಮಕ್ಕಳು ತೆಗೀಬಾರ್ದು ಅಂತ ಹಾಕ್ತಾರಲ್ಲ ಆ ಲಾಕು, ಅದೇ ಹಾಕಿದ್ವಿ, ನಮ್ಮನೆಯವ್ರು ಒಂದು ಮಧ್ಯಾಹ್ನದಲ್ಲಿ ಎಲ್ಲಾ ಕೂರಿಸಿದ್ರು.

ಮೇಲಿನ ಕಪಾಟಲ್ಲಿ ಹಗುರದ್ದು ಮಾತ್ರ. ಈ ಕಪಾಟೆಲ್ಲಾ ತೆಳು ಹಲಗೆ, ಮನೆ ಕಪಾಟಿನ ಗಟ್ಟಿತನ ಇರಲ್ಲ. ಅವಲಕ್ಕಿ, ಮಂಡಕ್ಕಿ, ಹಪ್ಪಳ, ಶಾವಿಗೆ ಪ್ಯಾಕೆಟ್, ಟಿಶ್ಯೂ ರೋಲ್ ಇಷ್ಟೇ. ಬಾಗಿಲು ತೆರ್ಕೊಂಡ್ರೂ ತಲೆ ಮೇಲೆ ಬೀಳೋದು ಮಂಡಕ್ಕಿ. ಒಳಗೆ ಅಡ್ಡ ಒಂದು ಸ್ಪ್ರಿಂಗ್ ರಾಡ್, ಕರ್ಟನ್‌ಗೆ ಹಾಕ್ತಾರಲ್ಲ ಅದು. ಫ್ರಿಜ್‌ನಲ್ಲೂ ಒಂದೊಂದು ಶೆಲ್ಫಿಗೆ ಒಂದೊಂದು ರಾಡು, ಇಲ್ಲಾಂದ್ರೆ ಬಾಗಿಲು ತೆಗೆದ ತಕ್ಷಣ ಮೊಸರಿನ ಡಬ್ಬ ಕಾಲ ಮೇಲೆ ಬರತ್ತೆ.

ಪುಡಿಗಳ ವಿಷ್ಯಕ್ಕೆ ಬರ್ತೀನಿ, ಇದಕ್ಕೇ ನಾನು ಜಾಸ್ತಿ ತಲೆ ಕೆಡಿಸ್ಕೊಂಡಿದ್ದು. ಒಗ್ಗರಣೆ ಡಬ್ಬಿ ಅಂದ್ರೆ ಆ ದುಂಡು ಸ್ಟೀಲ್ ಡಬ್ಬಿ, ಒಳಗೆ ಏಳು ಬಟ್ಟಲು. ಮನೇಲಿ ಚೆನ್ನಾಗಿರತ್ತೆ, ರಸ್ತೆಲಿ ಸಾಸಿವೆ ಹೋಗಿ ಅರಿಶಿನದಲ್ಲಿ ಸೇರತ್ತೆ, ಜೀರಿಗೆ ಎಲ್ಲಾ ಕಡೆ ಸೇರತ್ತೆ. ಅತ್ತೆ ಏನ್ ಮಾಡಿದ್ರು ಅಂದ್ರೆ, ಡಬ್ಬಿ ಮುಚ್ಚಳದ ಒಳಗಿನ ಅಳತೆಗೆ ಒಂದು ಹಳೇ ಯೋಗಾ ಮ್ಯಾಟ್ ದುಂಡಗೆ ಕತ್ತರಿಸಿದ್ರು, ಬಟ್ಟಲುಗಳ ಮೇಲೆ ಅದನ್ನಿಟ್ಟು ಮುಚ್ಚಳ ಒತ್ತಿ ಹಾಕಿದ್ರೆ ಏಳು ಬಟ್ಟಲ ಬಾಯಿನೂ ಬಿಗಿಯಾಗಿ ಮುಚ್ಕೊಳತ್ತೆ. ಈಗ ಕ್ಯಾಮೆರಾ ಹತ್ರ ಹಿಡೀತೀನಿ ನೋಡಿ, ತಲೆಕೆಳಗು ಮಾಡ್ತೀನಿ... ಅಲ್ಲಾಡಿಸ್ತೀನಿ... ಈಗ ತೆಗೀತೀನಿ. ಅರಿಶಿನದಲ್ಲಿ ಒಂದು ಸಾಸಿವೆ ಕಾಳಿಲ್ಲ. ಮ್ಯಾಟ್‌ನ ಕೆಳಗಡೆ ಮಾತ್ರ ಏಳು ಉಂಗುರ ಮೂಡಿದೆ, ಅರಿಶಿನದ್ದು ಹಳದಿ, ಖಾರದಪುಡಿದು ಕೆಂಪು.

ಸಾರಿನಪುಡಿ, ಹುಳಿಪುಡಿ, ಚಟ್ನಿಪುಡಿ, ಮೆಂತ್ಯದ ಹಿಟ್ಟು ಇವೆಲ್ಲಾ ಸ್ಕ್ರೂ ಮುಚ್ಚಳದ ಸಣ್ಣ ಬಾಟಲಿಲಿ, ಪ್ಯಾಂಟ್ರಿ ನಡು ಶೆಲ್ಫಲ್ಲಿ, ಒಲೆಯಿಂದ ದೂರ. ಗ್ಯಾಸ್ ಉರಿಯುವಾಗ ನೀರಾವಿನೂ ಬಿಡತ್ತೆ, ಇಷ್ಟು ಸಣ್ಣ ಜಾಗದಲ್ಲಿ ಅದು ಗೋಡೆ, ಕಪಾಟು ಎಲ್ಲಾ ಕಡೆ ಕೂತು ಪುಡಿ ಗಂಟಾಗತ್ತೆ, ಹಪ್ಪಳ ಮೆತ್ತಗಾಗತ್ತೆ. ಒಲೆ ಹಚ್ಚಿದ್ರೆ ಮೇಲಿನ ಫ್ಯಾನ್ ಹಾಕಿ, ಒಂದು ಕಿಟಕಿ ತೆಗೀರಿ, ಅದು ಪುಡಿಗಲ್ಲ, ನಿಮ್ಮ ಉಸಿರಿಗೆ.

ಎಣ್ಣೆ ಬಗ್ಗೆ ಒಂದ್ಮಾತು. ಕೊಬ್ಬರಿ ಎಣ್ಣೆ 24 ಡಿಗ್ರಿ ಹತ್ರ ಕರಗತ್ತೆ. ಡಾಲಸ್ ಬೇಸಿಗೆಲಿ ಪೂರ್ತಿ ನೀರು, ಬೆಟ್ಟದ ಮೇಲೆ ರಾತ್ರಿ ಕಲ್ಲು, ಮತ್ತೆ ಬಯಲಿಗೆ ಇಳಿದ್ರೆ ನೀರು. ಗಟ್ಟಿಯಿದ್ದಾಗ ಮುಚ್ಚಳ ಸಡ್ಲ ಹಾಕಿ ಮರ್ತ್ರೆ ಕರಗಿದ್ಮೇಲೆ ಡ್ರಾಯರೆಲ್ಲಾ ಎಣ್ಣೆ. ಈಗ ಎಣ್ಣೆ, ತುಪ್ಪ ಎರಡೂ ಒಂದು ಸ್ಟೀಲ್ ಡಬ್ಬಿ ಒಳಗೆ ನಿಲ್ಸಿ, ಸಿಂಕ್ ಕೆಳಗೆ. ಗಾಜಿನ ಬಾಟ್ಲಿ ಉಪ್ಪಿನಕಾಯಿಗೆ ಮಾತ್ರ, ಅದಕ್ಕೆ ಒಂದು ಹಳೇ ಕಾಲುಚೀಲ ಹಾಕಿ.

ಅತ್ತೆ ಒಂದು ಬುಟ್ಟಿ ಈರುಳ್ಳಿ, ಆಲೂಗಡ್ಡೆ ಇಡೋಕೆ ಕೆಳಗೆ ನೆಲದ ಹತ್ರ ಖಾಲಿ ಜಾಗ ನೋಡಿದ್ರು, ಅಲ್ಲಿ ಮಾತ್ರ ಬೇಡ ಅತ್ತೆ ಅಂದೆ. ಗೋಡೆ ಕೆಳಗೆ ಈ ಪುಟ್ಟ ಬಿಳಿ ಪೆಟ್ಟಿಗೆ ಇದ್ಯಲ್ಲ, ಇದು ಗ್ಯಾಸ್ ಡಿಟೆಕ್ಟರ್. ಒಲೆಗೆ ಬರೋ ಪ್ರೊಪೇನ್ ಗ್ಯಾಸ್ ಗಾಳಿಗಿಂತ ಭಾರ, ಲೀಕ್ ಆದ್ರೆ ಕೆಳಗೇ ಹರಡತ್ತೆ, ಅದಕ್ಕೇ ಇದನ್ನ ನೆಲದ ಹತ್ರ ಕೂರ್ಸಿರ್ತಾರೆ. ಇದ್ರ ಮುಂದೆ ಬುಟ್ಟಿ, ಚೀಲ ಯಾವ್ದೂ ಇಡ್ಬೇಡಿ. ಹೀಟರ್ ಗಾಳಿ ಎಳ್ಕೊಳೋ ಜಾಲರಿ ಮುಂದೆನೂ ಅಷ್ಟೇ. ಖಾಲಿ ಜಾಗ ಕಂಡ ಕಡೆಯೆಲ್ಲಾ ತುಂಬೋ ಆಸೆ ಆಗತ್ತೆ, ನನಗೂ ಆಗತ್ತೆ, ಆದ್ರೆ ಈ ಎರಡು ಜಾಗ ಖಾಲಿನೇ ಇರ್ಬೇಕು. ಈರುಳ್ಳಿ ಈಗ ಬಲೆ ಚೀಲದಲ್ಲಿ ಕಿಟಕಿ ಪಕ್ಕ ತೂಗಾಡತ್ತೆ, ಹೊರಡೋವಾಗ ತೆಗ್ದು ಸಿಂಕೊಳಗೆ.

ಮಿಕ್ಸಿ ತಗೊಂಡೋಗ್ಬೇಕಾ ಬೇಡ್ವಾ ಅಂತ ಎರಡು ದಿನ ಚರ್ಚೆ ಆಯ್ತು. ನಮ್ದು 30 ಆಂಪ್ ಕನೆಕ್ಷನ್, 120 ವೋಲ್ಟ್ ಲೆಕ್ಕದಲ್ಲಿ 3,600 ವ್ಯಾಟ್, ಏಸಿ, ಮೈಕ್ರೋವೇವ್ ಎರಡೂ ಓಡ್ತಿರೋವಾಗ ಮಿಕ್ಸಿನೂ ಹಾಕಿದ್ರೆ ಬ್ರೇಕರ್ ಬೀಳತ್ತೆ, ಕರೆಂಟ್ ಇಲ್ಲದ ಕ್ಯಾಂಪಲ್ಲಿ ಅದು ಬರೀ ಭಾರ. ಬಿಟ್ವಿ. ತೆಂಗಿನಕಾಯಿ ಚಟ್ನಿ ಬದ್ಲು ಚಟ್ನಿಪುಡಿ, ಮೊದಲ ಎರಡು ದಿನಕ್ಕೆ ಮನೇಲೇ ರುಬ್ಬಿ ತಂದ ದೋಸೆ ಹಿಟ್ಟು, ಆಮೇಲೆ ಗೊಜ್ಜವಲಕ್ಕಿ. ಹುಣಸೆಹಣ್ಣಿನ ನೀರಲ್ಲಿ ಅವಲಕ್ಕಿ ತರಿ ನೆನೆಸಿದ್ರಾಯ್ತು, ಒಲೆ ಬೇಕಾಗೋದು ಒಂದು ಒಗ್ಗರಣೆಗೆ ಮಾತ್ರ.

ಕುಕ್ಕರ್ ಮಾತ್ರ ಬಿಡಲ್ಲ ಅಂದೆ. ಈ ಸಲ ಹೋಗಿದ್ದು ಗ್ರೇಟ್ ಸ್ಯಾಂಡ್ ಡ್ಯೂನ್ಸ್ ನ್ಯಾಷನಲ್ ಪಾರ್ಕಿಗೆ, ಕ್ಯಾಂಪ್ ಇರೋದೇ ಸುಮಾರು 8,200 ಅಡಿ ಎತ್ತರದಲ್ಲಿ. ಅಷ್ಟು ಎತ್ತರದಲ್ಲಿ ನೀರು 92 ಡಿಗ್ರಿ ಹತ್ರನೇ ಕುದಿಯತ್ತೆ, ತೊಗರಿಬೇಳೆ ತೆರೆದ ಪಾತ್ರೆಲಿ ಗಂಟೆಗಟ್ಲೆ ಕುದಿಸಿದ್ರೂ ಕಾಳು ಕಾಳಾಗೇ ಉಳಿಯತ್ತೆ.

ಅದೇ ರಸ್ತೆ, ಅದೇ ಡಾಲ್‌ಹಾರ್ಟ್, ಅದೇ ಗಾಳಿ. ರಟೋನ್ ಪಾಸ್ ಅನ್ನೋ ಬೆಟ್ಟದ ಕಣಿವೆ ದಾರಿ ಹತ್ತಿ ಇಳಿದು, ಆಮೇಲೆ 9,400 ಅಡಿ ದಾಟೋ ಲಾ ವೇಟಾ ಪಾಸ್ ಹತ್ತಿ ಇಳಿದು, ಮರಳು ದಿಬ್ಬ ಕಾಣೋ ಹೊತ್ತಿಗೆ ಸಂಜೆ ಐದು. ಮಕ್ಕಳು ಮರಳಿನ ಕಡೆ ಓಡಿದ್ರು, ನಾನು ಅತ್ತೆ ಟ್ರೈಲರ್ ಬಾಗಿಲು ತೆಗೆದ್ವಿ. ನೆಲ ಶುಭ್ರ. ಮೇಲಿನ ಕಪಾಟು ತೆಗೆದ್ರೆ ಚಿಪ್ಸ್ ಪ್ಯಾಕೆಟ್ಟು ಎತ್ತರಕ್ಕೆ ದಿಂಬಿನ ಥರ ಊದ್ಕೊಂಡಿತ್ತು, ಸಾರಿನಪುಡಿ ಬಾಟ್ಲಿ ಮುಚ್ಚಳ ತಿರುಗ್ಸಿದ್ರೆ ಸಣ್ಣಕೆ ಪುಸ್ಸ್ ಅಂತು, ಆ ವಾಸನೆ ಬಂತು ನೋಡಿ, ಅಮ್ಮ ಮತ್ತೆ ಮಾಡಿ ಕಳ್ಸಿದ್ದ ಪುಡಿ. ಅತ್ತೆ ಕೆಳಗಿನ ಡ್ರಾಯರ್ ಎಳ್ದು ಕುಕ್ಕರ್ ಮುಚ್ಚಳ ಎತ್ತಿ, ಬಟ್ಟೆ ಸರಿಸಿ, ಒಂದೊಂದೇ ಲೋಟ ತೆಗ್ದು ಕಟ್ಟೆ ಮೇಲಿಟ್ರು. ಬೇಳೆ ತೊಳ್ದು ಹಾಕಿದ್ವಿ, ಇಲ್ಲಿಯ ಎತ್ತರಕ್ಕೆ ಎರಡು ವಿಷಲ್ ಜಾಸ್ತಿನೇ ಇರ್ಲಿ ಅಂತ ಐದು ಕೂಗಿಸಿದ್ವಿ. ಪಕ್ಕದ ಕ್ಯಾಂಪಿನ ಅಜ್ಜಿ ಒಬ್ರು ಏನು ಸದ್ದು ಅಂತ ನೋಡೋಕೆ ಬಂದ್ರು, ಅತ್ತೆ ಅವ್ರಿಗೊಂದು ಲೋಟ ಬಿಸಿ ಸಾರು ಕೊಟ್ಟು ಕೂರೋಕೆ ಕುರ್ಚಿ ಎಳೆದ್ರು.