ಏಳು ವರ್ಷದ ಹುಡುಗನಿಗೂ ಅರವತ್ತರ ಅತ್ತೆಗೂ ಒಂದೇ ಪಾಠನಾ?

ನಮಸ್ಕಾರ, ಕಾರವಾರದಿಂದ. ಹೋದ ವಾರದ ವಿಡಿಯೋ ಕೆಳಗೆ ಒಬ್ಬರು ಬರೆದಿದ್ದಾರೆ: "ಬ್ಯಾಡ್ಮಿಂಟನ್ ಕಲಿಸಲಿಕ್ಕೆ ವಯಸ್ಸು ಯಾಕೆ ನೋಡಬೇಕು? ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಒಂದೇ ಪಾಠ ಹೇಳಿ." ಓದಿದಾಗಿನಿಂದ ನನಗೆ ಸಮಾಧಾನ ಇಲ್ಲ. ವಯಸ್ಸು ನೋಡಿಯೇ ಕಲಿಸಬೇಕು ಮಾರಾಯ್ರೆ.

ನೆಟ್ಟಿನ ಎತ್ತರ ಕಂಬದ ಹತ್ತಿರ 1.55 ಮೀಟರ್. ಐದು ಅಡಿಯ ಮೇಲೆ ಒಂದು ಇಂಚು. ಏಳು ವರ್ಷದ ಹುಡುಗ ಇರುವುದೇ ನಾಲ್ಕು ಅಡಿ. ಅವನ ಪಾಲಿಗೆ ಅದು ಕಂಪೌಂಡ್ ಗೋಡೆ.

ನಾನು ಕಣ್ಣಾರೆ ನೋಡಿದ್ದು ಹೇಳ್ತೇನೆ. ಒಬ್ಬ ಹುಡುಗ ರಾಕೆಟ್ಟನ್ನು ಹಿಡಿಕೆ ಬಿಟ್ಟು, ಮೇಲಿನ ಸಪೂರ ಕೋಲಿನಲ್ಲಿ ಹಿಡಿದಿದ್ದ. ಕೋಚ್ "ಕೆಳಗೆ ಹಿಡಿ" ಎಂದು ಗದರಿದರು. ಕೈ ಕೆಳಗೆ ಬಂತು, ರಾಕೆಟ್ಟಿನ ತಲೆ ಜೋತುಬಿತ್ತು. ಎರಡೇ ನಿಮಿಷ, ಬೆರಳು ಮೆಲ್ಲಗೆ ಮತ್ತೆ ಮೇಲೆ ಹತ್ತಿತು. ಮತ್ತೆ ಗದರಿಕೆ. ಐದನೇ ಸಲ ಹುಡುಗನ ಕಣ್ಣು ತುಂಬಿತ್ತು. ತಪ್ಪು ಯಾರದ್ದು? ದೊಡ್ಡವರ ರಾಕೆಟ್ ಸುಮಾರು 67 ಸೆಂಟಿಮೀಟರ್ ಉದ್ದ. ಅದರ ಭಾರ ತಡೆಯಲು ಅವನ ಕೈ ತಾನೇ ಒಂದು ದಾರಿ ಹುಡುಕಿಕೊಂಡಿತ್ತು! ಗಿಡ್ಡ ರಾಕೆಟ್ ಕೊಡಬೇಕಿತ್ತು. ಮೊದಲ ವಾರ ಶಟಲ್ ಕೂಡ ಬೇಡ, ಬಲೂನು ಸಾಕು. ಬಲೂನು ನಿಧಾನ ಇಳಿಯುತ್ತದೆ, ಕಣ್ಣಿಗೂ ಕೈಗೂ ಹೊತ್ತು ಸಿಗುತ್ತದೆ. ನೆಟ್ಟಿನ ಬದಲು ಅವನ ಎದೆಮಟ್ಟಕ್ಕೆ ಒಂದು ಹಗ್ಗ ಕಟ್ಟಿ.

ಈಗ ನಮ್ಮ ಅತ್ತೆ. ಶಿರಸಿ ಕಡೆಯವರು, 61 ವರ್ಷ. ಅಡಿಕೆ ಸುಲಿದು ಸುಲಿದು ಗಟ್ಟಿಯಾದ ಕೈ. ಮೊದಲ ದಿನವೇ ಸರ್ವ್ ನೆಟ್ಟಿನ ಅಂಚು ಸವರಿಕೊಂಡು ಹೋಗುತ್ತಿತ್ತು. ಅವರ ಕೈಗೆ ಬಲೂನು ಕೊಡ್ತೀರಾ? ಆದರೆ ತಲೆ ಮೇಲೆ ಶಟಲ್ ಬಂದಾಗ ಮುಖ ತಿರುಗಿಸದೆ ಹಾಗೇ ಹಿಂದಕ್ಕೆ ಓಡಿದರು, ಬಿದ್ದರು. ಮಣಿಕಟ್ಟು ಬಾತುಕೊಂಡಿತು. ಎಲ್ಲರಿಗೂ ಒಂದೇ ಪಾಠ ಹೇಳಿದ್ದರ ಫಲ ಅದು! ಅತ್ತೆಗೆ ಮೊದಲು ಹೇಳಬೇಕಾದದ್ದು ಇಷ್ಟೇ: "ಪಕ್ಕಕ್ಕೆ ತಿರುಗಿ, ಆಮೇಲೆ ಹೆಜ್ಜೆ ಇಡಿ. ದೂರ ಇದ್ದರೆ ಬಿಟ್ಟುಬಿಡಿ, ಹೋಗೋದು ಒಂದು ಪಾಯಿಂಟ್ ತಾನೇ."

ಹದಿನೈದರ ಹುಡುಗರದ್ದು ಇನ್ನೊಂದು ಕಥೆ. ಬಂದ ದಿನವೇ ಸ್ಮ್ಯಾಶ್, ಅಂದರೆ ಮೇಲಿಂದ ಜೋರಾಗಿ ಕೆಳಕ್ಕೆ ಬಾರಿಸುವ ಹೊಡೆತ, ಬೇಕು. ದಿನಕ್ಕೆ ಹತ್ತು ಹೊಡೆಯಲು ಬಿಡಿ, ಉಳಿದ ಹೊತ್ತು ಕಾಲಿನ ಕೆಲಸ. ಇಲ್ಲದಿದ್ದರೆ ಮೂರನೇ ದಿನ ಕ್ರಿಕೆಟ್ಟಿಗೆ ಓಡುತ್ತಾರೆ.

"ಪ್ರಕಾಶ್ ಪಡುಕೋಣೆ ಕಾಲದಲ್ಲಿ ಬಲೂನು ಇತ್ತಾ?" ಅಂತಾನೂ ಕೇಳಿದ್ದಾರೆ. ಅವರು ಬೆಂಗಳೂರಿನ ಒಂದು ಮದುವೆ ಹಾಲ್‌ನಲ್ಲಿ ಆಡುತ್ತಾ ಬೆಳೆದು 1980ರಲ್ಲಿ ಆಲ್ ಇಂಗ್ಲೆಂಡ್ ಎಂಬ ದೊಡ್ಡ ಬ್ಯಾಡ್ಮಿಂಟನ್ ಟೂರ್ನಿ ಗೆದ್ದವರು. ಚಿಕ್ಕಂದಿನಿಂದ ಆಡಿದವರು! 58ಕ್ಕೆ ರಾಕೆಟ್ ಹಿಡಿದ ನಿಮ್ಮ ಮಾವನಿಗೆ ಆ ಲೆಕ್ಕ ಹೇಗೆ ಹಾಕ್ತೀರಿ? ಬಿಡಿ, ಅದು ವಾದವೇ ಅಲ್ಲ.

ಅಂದಹಾಗೆ, ಟ್ಯಾಗೋರ್ ಕಡಲತೀರದಲ್ಲಿ ಸಂಜೆ ಹೊತ್ತು ಯಾರಿಗೂ ಕಲಿಸಬೇಡಿ. ಶಟಲ್ ತೂಕ ಬರೀ ಐದು ಗ್ರಾಂ. ಗಾಳಿಯೇ ಆಡ್ತದೆ, ನೀವು ಹೆಕ್ಕುತ್ತಾ ಇರಬೇಕು.

ಎಷ್ಟು ಸಲ ಹೇಳಲಿ? ವಯಸ್ಸು ನೋಡಿ! ಮೊಣಕಾಲು ನೋಡಿ, ಕೈ ಅಳತೆ ನೋಡಿ, ಆಮೇಲೆ ಬಾಯಿ ತೆರೆಯಿರಿ. ನನಗೆ ಇದು ಸರಿ ಅನಿಸಿದೆ, ಅಷ್ಟೇ.

ಚಾನೆಲ್ ಸಬ್‌ಸ್ಕ್ರೈಬ್ ಮಾಡಿ, ಮುಂದಿನ ವಾರ ಬಲೂನು ಆಟ ಪೂರ್ತಿ ತೋರಿಸ್ತೇನೆ. ಭಾನುವಾರ ಬೆಳಿಗ್ಗೆ ಏಳಕ್ಕೆ ಮಕ್ಕಳು, ಎಂಟೂವರೆಗೆ ದೊಡ್ಡವರು. ಕಾಮೆಂಟ್ ಹಾಕಿದವರೇ, ನೀವೂ ಬನ್ನಿ. ವಯಸ್ಸು ಮಾತ್ರ ಮೊದಲೇ ಹೇಳಿ.