ಕಂಡದ್ದೆಲ್ಲ ಹಾಳೆಗೆ ಬೇಡ

ಕೇಳುಗರಿಗೆ ನಮಸ್ಕಾರ. ಕೊಡಗಿನಲ್ಲಿ ಚಿತ್ರ ಬರೆಯಲು ಕೂತವರಿಗೆ ಒಂದು ವಿಚಿತ್ರ ಕಷ್ಟವಿದೆ. ಕಣ್ಣಿಗೆ ಬೀಳುವುದೇ ಜಾಸ್ತಿ. ರಾಜಾಸೀಟಿನಲ್ಲಿ ನಿಂತರೆ ಬೆಟ್ಟ, ಕಣಿವೆ, ರಸ್ತೆ, ಮೋಡ ಯಾವುದನ್ನೂ ಬಿಡಲು ಮನಸ್ಸಾಗುವುದಿಲ್ಲ. ಎಲ್ಲವನ್ನೂ ತುಂಬಿದರೆ ಚಿತ್ರ ಸಂತೆಯಾಗುತ್ತದೆ.

ಒಂದು ರಟ್ಟಿನ ನಡುವೆ ಚಿಕ್ಕ ಕಿಂಡಿ ಕತ್ತರಿಸಿ. ಒಂದು ಕಣ್ಣು ಮುಚ್ಚಿ ಅದರೊಳಗೆ ನೋಡಿ. ರಟ್ಟನ್ನು ಕಣ್ಣಿನ ಹತ್ತಿರ ತಂದರೆ ನೋಟ ಹಿಗ್ಗುತ್ತದೆ, ದೂರ ಹಿಡಿದರೆ ಕುಗ್ಗುತ್ತದೆ. ಎಷ್ಟು ಸಾಕು ಅನ್ನುವುದು ಅಲ್ಲೇ ಗೊತ್ತಾಗುತ್ತದೆ.

ಮಡಿಕೇರಿಯ ಓಂಕಾರೇಶ್ವರ ದೇವಸ್ಥಾನವನ್ನೇ ತೆಗೆದುಕೊಳ್ಳಿ. 1820ರಲ್ಲಿ ಲಿಂಗರಾಜ ಕಟ್ಟಿಸಿದ್ದು. ನಡುವೆ ಗುಮ್ಮಟ, ನಾಲ್ಕು ಮೂಲೆಗೆ ಮಿನಾರು, ಎದುರಿಗೆ ಕೆರೆ. ನೀರಿನ ಅಂಚನ್ನು ಹಾಳೆಯ ನಟ್ಟನಡುವೆ ಎಳೆದರೆ ಮೇಲೆ ಗುಡಿ, ಕೆಳಗೆ ಅದರ ಪ್ರತಿಬಿಂಬ, ಎರಡೂ ಸಮಸಮ. ನೋಡುವವರ ಕಣ್ಣು ಎಲ್ಲಿ ನಿಲ್ಲಬೇಕು? ನಿಮಗೆ ನೀರು ಮುಖ್ಯವಾದರೆ ಆ ಗೆರೆಯನ್ನು ಮೇಲಕ್ಕೆ ತನ್ನಿ. ಗುಡಿ ಮುಖ್ಯವಾದರೆ ಕೆಳಕ್ಕೆ ಇಳಿಸಿ. ಹಾಳೆಯನ್ನು ಮೂರು ಪಾಲು ಮಾಡಿ, ಒಂದು ಪಾಲು ಒಂದಕ್ಕೆ, ಎರಡು ಪಾಲು ಇನ್ನೊಂದಕ್ಕೆ. ಇಂಗ್ಲೆಂಡಿನ ಚಿತ್ರಕಾರ ಜಾನ್ ಥಾಮಸ್ ಸ್ಮಿತ್ 1797ರಲ್ಲೇ ಇದನ್ನು ನಿಯಮ ಅಂತ ಕರೆದು ಬರೆದಿದ್ದಾನೆ. ನಿಯಮ ಅಂದಾಕ್ಷಣ ಸ್ಕೇಲ್ ಹಿಡಿದು ಕೂರಬೇಡಿ, ಅಂದಾಜು ಸಾಕು. ಬೇಕೆಂದೇ ಸಮಸಮ ಇಟ್ಟರೂ ತಪ್ಪಲ್ಲ. ಗೊತ್ತಿಲ್ಲದೆ ಇಟ್ಟರೆ ಮಾತ್ರ ಚಿತ್ರ ಸಪ್ಪೆ.

ಇನ್ನು ಕಾಫಿ ತೋಟ. ಸಿಲ್ವರ್ ಮರಗಳು ನೆಟ್ಟಗೆ ನಿಂತಿರುತ್ತವೆ, ಅಲ್ವಾ? ಇದ್ದ ಹಾಗೆ ಸಮ ಅಂತರದಲ್ಲಿ ಬರೆಯಬೇಡಿ. ಎರಡನ್ನು ಹತ್ತಿರ ತನ್ನಿ, ಒಂದನ್ನು ದೂರ ಸರಿಸಿ, ಒಂದನ್ನು ಬಿಟ್ಟೇಬಿಡಿ. ಮರದ ಕಾಂಡ ಹಿಂದಿನ ಮನೆಯ ಮಾಡಿನ ತುದಿಗೆ ಸುಮ್ನೆ ತಾಗಿ ನಿಂತರೆ ಎರಡೂ ಅಂಟಿಕೊಂಡಂತೆ ಕಾಣುತ್ತವೆ. ಮಾಡನ್ನು ದಾಟಿಸಿ ಬರೆಯಿರಿ, ಇಲ್ಲವೇ ನಡುವೆ ಜಾಗ ಬಿಡಿ. ರಸ್ತೆಯನ್ನು ಹಾಳೆಯ ಮೂಲೆಯಿಂದಲೇ ಹೊರಗೆ ಓಡಿಸಬೇಡಿ, ಕಣ್ಣೂ ಅದರ ಹಿಂದೆ ಹೋಗಿಬಿಡುತ್ತದೆ.

ಮಂಜು ಬಿದ್ದ ದಿನ ನಮ್ಮ ಅರ್ಧ ಕೆಲಸ ಅದೇ ಮಾಡುತ್ತದೆ. ದೂರದ ಬೆಟ್ಟಗಳು ಒಂದರ ಹಿಂದೊಂದು ಮಸುಕಾಗುತ್ತವೆ, ಹತ್ತಿರದ ಮರ ಮಾತ್ರ ಕಪ್ಪಗೆ ಎದ್ದು ಕಾಣುತ್ತದೆ. ಕಡುಗಪ್ಪು ಬಿಳುಪಿಗೆ ತಾಗುವ ಕಡೆಗೇ ಕಣ್ಣು ಮೊದಲು ಹೋಗುವುದು. ಹಾಗಾಗಿ ಆ ಜಾಗವನ್ನು ನಿಮಗೆ ಮುಖ್ಯವಾದದ್ದಕ್ಕೇ ಮೀಸಲಿಡಿ.

ಬಣ್ಣ ಕಲಸುವ ಮೊದಲು ಬೆಂಕಿಪೊಟ್ಟಣದಷ್ಟು ಅಳತೆಯ ಮೂರು ನಾಲ್ಕು ಚೌಕಗಳಲ್ಲಿ ಪೆನ್ಸಿಲಿನಿಂದ ಕಪ್ಪು, ಬೂದು, ಬಿಳಿ ಮೂರನ್ನೇ ತುಂಬಿ ನೋಡಿ. ಹೊರಗೆ ಮಳೆ ಹೊಡೆಯುತ್ತಿದ್ದರೆ ಜಗಲಿಯಲ್ಲಿ ಕೂತೇ ಮಾಡಬಹುದು. ಹೇಗೂ ಅಂಥ ದಿನ ಜಲವರ್ಣ ಬೇಗ ಒಣಗುವುದಿಲ್ಲ.