ಸ್ವರ್ಗಕ್ಕೆ ಸಂದವರು: ಕನ್ನಡ ನಾಡಿನ ಕಲ್ಲುಗಳು ಹೇಳುವ ಮಾತು

ಮಾನ್ಯ ಅಧ್ಯಕ್ಷರೇ, ಹಿರಿಯರೇ, ಸ್ನೇಹಿತರೇ,

ಸತ್ತ ಮೇಲೆ ಮನುಷ್ಯನ ಗತಿಯನ್ನು ನಿರ್ಧರಿಸುವುದು ಅವನು ಮಾಡಿದ ಒಳ್ಳೆಯ ಕೆಲಸವೋ, ಅವನು ನಂಬಿದ ದೇವರೋ? ಈ ಪ್ರಶ್ನೆಗೆ ಉತ್ತರವನ್ನು ನಾವು ಸಾಮಾನ್ಯವಾಗಿ ಆಚಾರ್ಯರ ಭಾಷ್ಯಗಳಲ್ಲಿ ಹುಡುಕುತ್ತೇವೆ. ಅದು ಸರಿಯಾದ ಕ್ರಮವೇ. ಆದರೆ ಇಂದು ನಾನು ಅದಕ್ಕೂ ಮೊದಲು ಈ ನಾಡಿನ ಕೆರೆಯೇರಿಗಳ ಮೇಲೆ, ಗುಡಿಗಳ ಮುಂದೆ, ಹೊಲದ ಬದುಗಳಲ್ಲಿ ನಿಂತಿರುವ ಕಲ್ಲುಗಳನ್ನು ಕೇಳಬೇಕೆಂದಿದ್ದೇನೆ. ಸತ್ತವನನ್ನು ಕಣ್ಣಾರೆ ಬಲ್ಲವರು, ಅವನ ಜೊತೆ ಉಂಡು ಬಾಳಿದವರು, ‘ಇವನು ಸ್ವರ್ಗಕ್ಕೆ ಹೋದ’ ಎಂದು ಕಡೆಸಿ ನಿಲ್ಲಿಸಿದ ಕಲ್ಲುಗಳು ಅವು. ಯಾವ ಆಧಾರದ ಮೇಲೆ ಅವರು ಹಾಗೆ ಹೇಳಿದರು ಎಂಬುದೇ ನನ್ನ ವಿಷಯ.

ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಸಾಮಾನ್ಯವಾಗಿ ಅದರಲ್ಲಿ ಮೂರು ಪಟ್ಟಿಕೆಗಳಿರುತ್ತವೆ. ಕೆಳಗಿನದರಲ್ಲಿ ಕಾಳಗ: ಬಿಲ್ಲು, ಕತ್ತಿ, ಗುರಾಣಿ, ಎಷ್ಟೋ ಕಲ್ಲುಗಳಲ್ಲಿ ಒಂದು ಮೂಲೆಯಲ್ಲಿ ಹಸುಗಳ ಸಾಲು, ಏಕೆಂದರೆ ಅವನು ಸತ್ತದ್ದು ಊರಿನ ದನಗಳನ್ನು ಕಳ್ಳರಿಂದ ಬಿಡಿಸುವಾಗ. ನಡುವಿನ ಪಟ್ಟಿಕೆಯಲ್ಲಿ ಅಪ್ಸರೆಯರು ಅವನ ತೋಳು ಹಿಡಿದು ಮೇಲಕ್ಕೆ ಕರೆದೊಯ್ಯುತ್ತಾರೆ. ಮೇಲಿನದರಲ್ಲಿ ಅವನು ಕೈ ಮುಗಿದು ಕುಳಿತಿದ್ದಾನೆ, ಎದುರಿಗೆ ಲಿಂಗ, ಪಕ್ಕದಲ್ಲಿ ಪೂಜಾರಿ, ತುದಿಯಲ್ಲಿ ಸೂರ್ಯಚಂದ್ರರು. ಜೈನ ವೀರನಾದರೆ ಲಿಂಗದ ಜಾಗದಲ್ಲಿ ಜಿನನ ಮೂರ್ತಿ ಬರುತ್ತದೆ. ಇದನ್ನು ಗಮನವಿಟ್ಟು ನೋಡಿ. ಮೇಲಿನ ಪಟ್ಟಿಕೆಯ ದೇವರು ವೀರನ ಮತಕ್ಕೆ ತಕ್ಕಂತೆ ಬದಲಾಗುತ್ತಾನೆ. ಆದರೆ ವೀರನನ್ನು ಅಲ್ಲಿಗೆ ಮುಟ್ಟಿಸಿದ್ದು ಕೆಳಗಿನ ಪಟ್ಟಿಕೆ, ಅದು ಯಾವ ಮತದವನಿಗೂ ಒಂದೇ. ಗೆದ್ದರೆ ಲಕ್ಷ್ಮಿ, ಸತ್ತರೆ ಸುರಾಂಗನೆ, ಕ್ಷಣದಲ್ಲಿ ಅಳಿಯುವ ಈ ದೇಹಕ್ಕೆ ಯುದ್ಧದಲ್ಲಿ ಸಾವು ಬಂದರೆ ಚಿಂತೆಯೇಕೆ ಎಂಬ ಅರ್ಥದ ಸಂಸ್ಕೃತ ಶ್ಲೋಕವನ್ನು ಅನೇಕ ಕಲ್ಲುಗಳಲ್ಲಿ ಕೆತ್ತಿದ್ದಾರೆ. ಅದರಲ್ಲಿ ‘ಇಂಥ ದೇವರನ್ನು ನಂಬಿದವನಿಗೆ’ ಎಂಬ ಷರತ್ತು ಇಲ್ಲ.

ಆತಕೂರಿನ ಕಲ್ಲು ಈ ವಿಚಾರವನ್ನು ಇನ್ನೂ ಮುಂದಕ್ಕೆ ಒಯ್ಯುತ್ತದೆ. ಮದ್ದೂರು ತಾಲ್ಲೂಕಿನ ಈ ಊರಿನಲ್ಲಿ ಸಿಕ್ಕ, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ, ಸುಮಾರು 950ರ ಶಾಸನ ಅದು. ಗಂಗರ ಅರಸ ಬೂತುಗನ ಸೇವಕ ಮಣಲೇರ ಯುದ್ಧದಲ್ಲಿ ತೋರಿದ ಶೌರ್ಯಕ್ಕೆ ಮೆಚ್ಚುಗೆಯಾಗಿ ಒಡೆಯನಿಂದ ಕೇಳಿ ಪಡೆದದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ನಾಯಿ ಒಂದು ದೊಡ್ಡ ಹಂದಿಯೊಡನೆ ಹೋರಾಡಿ, ಎರಡೂ ಸತ್ತವು. ಮಣಲೇರ ಚಲ್ಲೇಶ್ವರ ಗುಡಿಯ ಮುಂದೆ ಅದಕ್ಕೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಆ ಕಲ್ಲನ್ನು ಪೂಜಿಸದೆ ಉಂಡ ಗೊರವನಿಗೆ, ಅಂದರೆ ಗುಡಿಯ ಶೈವ ಪೂಜಾರಿಗೆ, ಪಾಪ ತಟ್ಟುತ್ತದೆಂದು ಬರೆಸಿದ. ನಾಯಿ ಸ್ವರ್ಗಕ್ಕೆ ಹೋಯಿತೆಂದು ಶಾಸನ ಹೇಳುವುದಿಲ್ಲ, ನಾನೂ ಹೇಳುವುದಿಲ್ಲ. ಆದರೆ ನಂಬಿಕೆ ಎಂಬುದೇ ಸಾಧ್ಯವಿಲ್ಲದ ಒಂದು ಪ್ರಾಣಿಗೆ, ಅದು ಮಾಡಿದ ಕೆಲಸವೊಂದನ್ನೇ ನೋಡಿ, ಶಿವನ ಗುಡಿಯ ಮುಂದೆ ನಿತ್ಯಪೂಜೆ ಸಲ್ಲಿಸಲು ಆ ಜನ ಹಿಂಜರಿಯಲಿಲ್ಲ.

ನರಕದ ವಿಚಾರದಲ್ಲೂ ಹಾಗೆಯೇ. ದಾನಶಾಸನಗಳ ಕೊನೆಯಲ್ಲಿ ಬರುವ ಶಾಪದ ಮಾತುಗಳು ನಿಮಗೆ ಪರಿಚಿತ: ತಾನು ಕೊಟ್ಟದ್ದಾಗಲಿ ಪರರು ಕೊಟ್ಟದ್ದಾಗಲಿ, ದಾನದ ಭೂಮಿಯನ್ನು ಕಸಿದವನು ಅರವತ್ತು ಸಾವಿರ ವರ್ಷ ಅಮೇಧ್ಯದಲ್ಲಿ ಹುಳುವಾಗಿ ಹುಟ್ಟುತ್ತಾನೆ. ಬಸದಿಗೆ ಕೊಟ್ಟ ದಾನಕ್ಕೂ, ಶಿವಾಲಯಕ್ಕೆ ಕೊಟ್ಟ ದಾನಕ್ಕೂ, ವಿಷ್ಣುವಿನ ಗುಡಿಗೆ ಕೊಟ್ಟ ದಾನಕ್ಕೂ ಇದೇ ಶ್ಲೋಕ. ಕಸಿದವನು ಯಾರ ಭಕ್ತನೆಂದು ಅದು ಕೇಳುವುದಿಲ್ಲ.

ಒಂದೇ ಮನೆಯಲ್ಲಿ ಹಲವು ನಂಬಿಕೆಗಳಿದ್ದಾಗ ಏನಾಗುತ್ತಿತ್ತು? ಹೊಯ್ಸಳರ ಪಟ್ಟದರಸಿ ಶಾಂತಲೆಯ ತಂದೆ ಮಾರಸಿಂಗಯ್ಯ ಶೈವ, ತಾಯಿ ಮಾಚಿಕಬ್ಬೆ ಜೈನೆ, ಗಂಡ ವಿಷ್ಣುವರ್ಧನ ಬೇಲೂರಿನಲ್ಲಿ ಚೆನ್ನಕೇಶವನನ್ನು ಪ್ರತಿಷ್ಠಾಪಿಸಿದವನು. ಸ್ವತಃ ಜಿನಭಕ್ತೆಯಾಗಿದ್ದ ಶಾಂತಲೆ 1123ರಲ್ಲಿ ಶ್ರವಣಬೆಳಗೊಳದಲ್ಲಿ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿದಳು. 1131ರಲ್ಲಿ ತೀರಿಕೊಂಡದ್ದು ಶೈವಕ್ಷೇತ್ರವಾದ ಶಿವಗಂಗೆಯಲ್ಲಿ. ಅವಳು ಸ್ವರ್ಗಕ್ಕೆ ಹೋದಳೆಂದು ಜೈನರ ಬೆಟ್ಟದ ಶಾಸನವೇ ಹೇಳುತ್ತದೆ. ಮಗಳ ಸಾವನ್ನು ತಾಳಲಾರದೆ ಮಾಚಿಕಬ್ಬೆ ಬೆಳಗೊಳಕ್ಕೆ ಬಂದು ಅನ್ನನೀರು ತೊರೆದು ಸಾವನ್ನು ಬರಮಾಡಿಕೊಳ್ಳುವ ಸಲ್ಲೇಖನ ವ್ರತದಿಂದ ದೇಹ ಬಿಟ್ಟಳು. ಈ ಮನೆಯವರು ತಮ್ಮಲ್ಲಿ ಯಾರಿಗೆ ಸದ್ಗತಿ, ಯಾರಿಗೆ ದುರ್ಗತಿ ಎಂದು ಮತದ ಮೇಲೆ ಹಂಚಿಕೊಂಡ ಕುರುಹು ಎಲ್ಲಿಯೂ ಇಲ್ಲ. ಇದು ನನಗೆ ಯಾವ ಭಾಷ್ಯಕ್ಕಿಂತ ಕಡಿಮೆಯ ಪ್ರಮಾಣವಲ್ಲ.

ಈಗ ಇದಕ್ಕೆ ಎದುರಾದ ವಾದವನ್ನು ಅದರ ಪೂರ್ಣ ಬಲದೊಡನೆ ಕೇಳೋಣ. ಸ್ವರ್ಗ ಬೇರೆ, ಮೋಕ್ಷ ಬೇರೆ ಎನ್ನುತ್ತಾರೆ ದಾರ್ಶನಿಕರು. ಪುಣ್ಯ ತೀರಿದ ಮೇಲೆ ಸ್ವರ್ಗದಿಂದ ಮರ್ತ್ಯಲೋಕಕ್ಕೆ ಇಳಿಯಲೇಬೇಕೆಂದು ಗೀತೆಯ ಒಂಬತ್ತನೆಯ ಅಧ್ಯಾಯ ಸ್ಪಷ್ಟವಾಗಿ ಹೇಳುತ್ತದೆ. ಹಾಗಾಗಿ ಬರೀ ಸತ್ಕರ್ಮ ಸಾಲದು. ಶಂಕರರಿಗೆ ಜ್ಞಾನ ಬೇಕು, ರಾಮಾನುಜರಿಗೆ ಶರಣಾಗತಿ ಬೇಕು, ಮಧ್ವರಿಗೆ ಹರಿಯ ಸರ್ವೋತ್ತಮತ್ವವನ್ನು ಅರಿತ ಭಕ್ತಿ ಮತ್ತು ಅವನ ಪ್ರಸಾದ ಬೇಕು. ಜೈನರು ರತ್ನತ್ರಯದಲ್ಲಿ ಮೊದಲು ಹೇಳುವುದೂ ಸಮ್ಯಕ್ ದರ್ಶನವನ್ನು, ಅಂದರೆ ತತ್ವದಲ್ಲಿ ಸರಿಯಾದ ಶ್ರದ್ಧೆಯನ್ನು. ಇದನ್ನು ಹಗುರವಾಗಿ ತಳ್ಳಿಹಾಕಲು ಬರುವುದಿಲ್ಲ. ತನ್ನ ಒಳ್ಳೆಯತನವನ್ನೇ ಲೆಕ್ಕ ಹಾಕುತ್ತ ಕುಳಿತವನು ಅಹಂಕಾರದಿಂದ ಬಿಡುಗಡೆ ಪಡೆಯಲಾರ ಎಂಬ ಆಳವಾದ ತಿಳಿವು ಅದರಲ್ಲಿದೆ.

ಆದರೆ ಇದೇ ಮಾತನ್ನು ಹಿಗ್ಗಿಸಿ, ನಂಬಿಕೆಯೊಂದಿದ್ದರೆ ನಡತೆ ಹೇಗಿದ್ದರೂ ಆದೀತು ಎನ್ನುವವರಿದ್ದಾರೆ. ಅವರು ಎತ್ತಿಕೊಳ್ಳುವುದು ಭಾಗವತದ ಅಜಾಮಿಳನನ್ನು. ಬಾಳೆಲ್ಲ ಕೆಟ್ಟು ನಡೆದವನು ಸಾಯುವ ಹೊತ್ತಿಗೆ ‘ನಾರಾಯಣಾ’ ಎಂದು ಮಗನನ್ನು ಕೂಗಿದ, ವಿಷ್ಣುದೂತರು ಬಂದು ಯಮದೂತರನ್ನು ತಡೆದರು, ಅವನು ಪಾರಾದ ಎಂದು ನಮ್ಮ ಹರಿಕಥೆಗಳಲ್ಲಿ ಕೇಳುತ್ತೇವೆ. ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಅಜಾಮಿಳ ಆಗ ಸಾಯುವುದೇ ಇಲ್ಲ. ದೂತರ ಸಂವಾದವನ್ನು ಕೇಳಿದ ಅವನು ತಾನು ತಂದೆ ತಾಯಿಯನ್ನು, ಕೈಹಿಡಿದ ಹೆಂಡತಿಯನ್ನು ತೊರೆದದ್ದಕ್ಕೆ ಪಶ್ಚಾತ್ತಾಪಪಟ್ಟು, ಗಂಗಾದ್ವಾರಕ್ಕೆ ಹೋಗಿ, ಇಂದ್ರಿಯಗಳನ್ನು ಗೆದ್ದು ಸಾಧನೆ ಮಾಡಿದ ಮೇಲೆಯೇ ವೈಕುಂಠಕ್ಕೆ ಹೋಗುತ್ತಾನೆ. ನಾಮವು ಅವನಿಗೆ ಬಾಳನ್ನು ತಿದ್ದಿಕೊಳ್ಳಲು ಕಾಲಾವಕಾಶ ಕೊಡಿಸಿತು, ತಿದ್ದಿಕೊಂಡವನು ಅವನೇ. ಜೈನರೂ ದರ್ಶನ, ಜ್ಞಾನ, ಚಾರಿತ್ರ (ಅಂದರೆ ನಡತೆ) ಮೂರೂ ಕೂಡಿದರೆ ಮಾತ್ರ ಮೋಕ್ಷಮಾರ್ಗ ಎಂದರು, ಶ್ರದ್ಧೆಯೊಂದನ್ನೇ ಸಾಕೆನ್ನಲಿಲ್ಲ. ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿ ಸುಮಾರು 700ರ ಹೊತ್ತಿನ, ನಮ್ಮ ಭಾಷೆಯ ಅತ್ಯಂತ ಸುಂದರ ಪದ್ಯಗಳಲ್ಲಿ ಒಂದಾದ ನಂದಿಸೇನ ಮುನಿಯ ಶಾಸನವಿದೆ. ಕಾಮನಬಿಲ್ಲಿನಂತೆ, ಮಿಂಚಿನಂತೆ, ಮಂಜಿನಂತೆ ತೋರಿ ಅಳಿಯುವ ಸಿರಿಯನ್ನು ಮೆಚ್ಚದೆ ಸನ್ಯಸನಗೈದು ಅವನು ‘ದೇವಲೋಕಕ್ಕೆ ಸಂದಾನ್’ ಎನ್ನುತ್ತದೆ. ಅಲ್ಲಿ ಶ್ರದ್ಧೆಯೂ ವ್ರತವೂ ಬೇರೆ ಬೇರೆಯಾಗಿ ಉಳಿದಿಲ್ಲ.

ಆದ್ದರಿಂದ ನಡತೆಯೇ ಮುಖ್ಯ ಎಂದು ನಾನು ಹೇಳಬಲ್ಲೆ. ಆದರೆ ಅಷ್ಟಕ್ಕೇ ನಿಲ್ಲುವುದು ಪ್ರಾಮಾಣಿಕತೆಯಲ್ಲ, ಏಕೆಂದರೆ ಯಾವುದು ಒಳ್ಳೆಯ ಕೆಲಸ ಎಂಬುದನ್ನು ಇದೇ ಕಲ್ಲುಗಳು ಎಷ್ಟೋ ಸಲ ತಪ್ಪಾಗಿ ಅಳೆದಿವೆ. ಹೆಗ್ಗಡದೇವನಕೋಟೆ ಸೀಮೆಯ ಬೆಳತೂರಿನಲ್ಲಿ 1057ರ ದೇಕಬ್ಬೆಯ ಶಾಸನವಿದೆ. ಗಂಡ ಏಚನನ್ನು ಅರಸನ ಆಜ್ಞೆಯಿಂದ ಕೊಂದ ಸುದ್ದಿ ಕೇಳಿ, ಹೆತ್ತವರು ಬೇಡವೆಂದು ತಡೆದರೂ ನಿಲ್ಲದೆ, ಅವಳು ಬೆಂಕಿಗೆ ನಡೆದಳು. ಕವಿ ಅವಳನ್ನು ಕೊಂಡಾಡುತ್ತಾನೆ. ಆ ಪದ್ಯಗಳನ್ನು ಓದಿದರೆ ಕರುಳು ಕಿತ್ತುಬರುತ್ತದೆ. ಒಡೆಯ ಸತ್ತನೆಂದು ತಮ್ಮ ತಲೆಯನ್ನೇ ಕೊಟ್ಟ ಬಂಟರಿಗೂ ಕಲ್ಲುಗಳಿವೆ. ಸತ್ತ ಮೇಲೆ ಸ್ವರ್ಗ ಸಿಗುತ್ತದೆಂಬ ಭರವಸೆಯೇ ಇಲ್ಲಿ ಬದುಕಬೇಕಾದವರನ್ನು ಸಾವಿಗೆ ನೂಕಿದ ಉದಾಹರಣೆಗಳಿವು.

ಬೆಳತೂರಿನ ಶಾಸನದ ನೂರು ವರ್ಷಗಳ ಬಳಿಕ ಕಲ್ಯಾಣದಲ್ಲಿ ಬಸವಣ್ಣನವರು ಪ್ರಶ್ನೆಯನ್ನೇ ಬೇರೆ ಕಡೆಗೆ ತಿರುಗಿಸಿದರು. ಮರ್ತ್ಯಲೋಕವು ಕರ್ತಾರನ ಕಮ್ಮಟ, ಇಲ್ಲಿ ಸಲ್ಲುವರು ಅಲ್ಲಿಯೂ ಸಲ್ಲುವರು, ಇಲ್ಲಿ ಸಲ್ಲದವರು ಅಲ್ಲಿಯೂ ಸಲ್ಲರು ಎಂದರು. ನಾಣ್ಯ ಅಚ್ಚಾಗುವುದು ಇಲ್ಲಿ, ಸರಿಯೋ ಖೋಟಾವೋ ಎಂಬುದು ಗೊತ್ತಾಗುವುದೂ ಇಲ್ಲಿ. ಅವರು ಕಡಿಮೆ ನಂಬಿಕೆಯ ಮನುಷ್ಯರಲ್ಲ. ಕೂಡಲಸಂಗಮನಲ್ಲದೆ ಇನ್ನೊಬ್ಬನಿಲ್ಲವೆಂದು ಬಾಳಿದವರು. ಅಂಥವರೇ ‘ಕೂಡಲಸಂಗನನ್ನು ನಂಬಿದವರು ಅಲ್ಲಿ ಸಲ್ಲುವರು’ ಎನ್ನದೆ ‘ಇಲ್ಲಿ ಸಲ್ಲುವರು’ ಎಂದದ್ದು, ಆಚಾರವೇ ಸ್ವರ್ಗ, ಅನಾಚಾರವೇ ನರಕ ಎಂದದ್ದು ನನಗೆ ಬಹಳ ದೊಡ್ಡ ಮಾತಾಗಿ ಕಾಣುತ್ತದೆ. ಆ ಆಚಾರವನ್ನು ಯಾವುದರಿಂದ ಅಳೆಯಬೇಕೆಂಬುದನ್ನೂ ಅವರು ಬಿಟ್ಟುಹೋಗಲಿಲ್ಲ: ದಯವಿಲ್ಲದ ಧರ್ಮವಾವುದು, ದಯವೇ ಬೇಕು ಸಕಲ ಪ್ರಾಣಿಗಳೆಲ್ಲರಲ್ಲಿ ಎಂದರು. ದನ ಬಿಡಿಸಲು ಹೋಗಿ ಸತ್ತವನು ಈ ಅಳತೆಗೆ ನಿಲ್ಲುತ್ತಾನೆ, ಅವನು ಲಿಂಗವನ್ನು ಪೂಜಿಸಿರಲಿ, ಜಿನನನ್ನು ಪೂಜಿಸಿರಲಿ, ಯಾರನ್ನೂ ಪೂಜಿಸದೇ ಇರಲಿ. ಬೆಳತೂರಿನ ಕಲ್ಲಿನಲ್ಲಿ ಈ ಅಳತೆಗೆ ನಿಲ್ಲುವುದು ಬೆಂಕಿಯ ಹೊಗಳಿಕೆಯಲ್ಲ, ‘ಬೇಡ ಮಗಳೇ’ ಎಂದು ಅವಳನ್ನು ತಡೆಯಲು ನೋಡಿದ ತಂದೆ ತಾಯಿಯ ಮಾತು.

ನಮಸ್ಕಾರ.